ಅರ್ಚಕರ ಗ್ರೀನ್ ಕಾರ್ಡ್: ಮೊದಲ ಕಾಗದ ಊರಿನದು

ಮಾನ್ಯ ಸಂಪಾದಕರೇ,

ಕರಾವಳಿ, ಮಲೆನಾಡಿನ ಯುವ ಅರ್ಚಕರು ಅಮೆರಿಕದ ದೇವಾಲಯಗಳಿಗೆ ಹೋಗುವುದು ಈಗ ಸುದ್ದಿಯೇ ಅಲ್ಲ. ಪಿಟ್ಸ್‌ಬರ್ಗಿನ ವೆಂಕಟೇಶ್ವರ, ನ್ಯೂಯಾರ್ಕಿನ ಫ್ಲಶಿಂಗ್‌ನ ಗಣಪತಿ ದೇವಾಲಯಗಳು 1970ರ ದಶಕದಲ್ಲೇ ಈ ಹಾದಿ ತೆರೆದವು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪುತ್ತಿಗೆ ಮಠದ ಶಾಖೆಯೂ ಇದೆ. ಆದರೆ ಅಲ್ಲೇ ನೆಲೆಸಲು ಧಾರ್ಮಿಕ ಕಾರ್ಯಕರ್ತರ ವಲಸೆ ವೀಸಾಕ್ಕೆ, ಅಂದರೆ ಗ್ರೀನ್ ಕಾರ್ಡಿಗೆ, ಅರ್ಜಿ ಹಾಕಿದವರು ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿ ಚರ್ಚೆಗೇ ಬಂದಿಲ್ಲ. ಮುಜರಾಯಿ ಇಲಾಖೆಯಿಂದ ನಿವೃತ್ತನಾದ ಮೇಲೆ ಇಂಥವರ ಕಾಗದಪತ್ರ ನೋಡಿಕೊಡುತ್ತಿರುವ ನನಗೆ ತೋಚಿದ್ದನ್ನು ಬರೆಯುತ್ತಿದ್ದೇನೆ.

ಐ-360 ಎಂಬ ಈ ಅರ್ಜಿಯನ್ನು ಸಾಮಾನ್ಯವಾಗಿ ಅಲ್ಲಿನ ದೇವಾಲಯವೇ ಸಲ್ಲಿಸುತ್ತದೆ. ಅದಕ್ಕೆ ಹಿಂದಿನ ಎರಡು ವರ್ಷ ಅರ್ಚಕರು ಅದೇ ಧಾರ್ಮಿಕ ಪರಂಪರೆಯ ಸದಸ್ಯರಾಗಿದ್ದರು ಮತ್ತು ಅಷ್ಟೂ ಕಾಲ ಎಡೆಬಿಡದೆ ಧಾರ್ಮಿಕ ಕೆಲಸದಲ್ಲಿದ್ದರು ಎಂಬುದನ್ನು ದಾಖಲೆಯಿಂದಲೇ ತೋರಿಸಬೇಕು. ಅಮೆರಿಕದಲ್ಲಿ ದುಡಿದ ಅವಧಿಗೆ ತೆರಿಗೆ ಪತ್ರಗಳು ಸಾಕ್ಷಿಯಾಗುತ್ತವೆ. ಊರಿನಿಂದ ನೇರವಾಗಿ ಅರ್ಜಿ ಹಾಕುವವರ ಪಾಡು ಬೇರೆ. ವರಮಾನ ಕಡಿಮೆಯಿರುವ ‘ಸಿ’ ದರ್ಜೆಯ ದೇವಸ್ಥಾನದ ಅರ್ಚಕರಿಗೆ ಸರ್ಕಾರದಿಂದ ಬರುವುದು ತಸ್ತೀಕು, 2025-26ರ ಬಜೆಟ್ಟಿನ ಪ್ರಕಾರ ವರ್ಷಕ್ಕೆ 72,000 ರೂಪಾಯಿ. ಉಳಿದದ್ದೆಲ್ಲ ತಟ್ಟೆಕಾಸು, ದಕ್ಷಿಣೆ. ಇದಕ್ಕೆ ರಸೀದಿ ಎಲ್ಲಿಂದ ತರುವುದು? ಆಡಳಿತ ಮಂಡಳಿಯ ಪತ್ರ ಕೇಳಿದರೆ, “ಸದರಿಯವರು ನಮ್ಮ ದೇವಸ್ಥಾನದಲ್ಲಿ ಪೂಜಾದಿಗಳನ್ನು ನಡೆಸಿಕೊಂಡು ಬಂದಿರುತ್ತಾರೆ, ಸನ್ನಡತೆಯುಳ್ಳವರಾಗಿರುತ್ತಾರೆ” ಎಂಬ ಎರಡು ಸಾಲು, ಕೆಳಗೊಂದು ದುಂಡನೆಯ ಮೊಹರು. ಯಾವ ದಿನಾಂಕದಿಂದ, ವಾರಕ್ಕೆ ಎಷ್ಟು ತಾಸು, ಸಂಭಾವನೆ ಏನು, ಪೂಜೆ ಕಲಿತದ್ದು ಯಾರ ಬಳಿ, ಒಂದೂ ಇರುವುದಿಲ್ಲ. ಸನ್ನಡತೆಯ ಬಗ್ಗೆ ವೀಸಾ ಅಧಿಕಾರಿಗೆ ತಕರಾರಿಲ್ಲ, ಅವರಿಗೆ ಬೇಕಾದದ್ದು ತಾರೀಖು. ಆಗಮ ಪ್ರವೀಣ ಪರೀಕ್ಷೆ ಪಾಸಾದವರ ಬಳಿ ಪ್ರಮಾಣಪತ್ರವಾದರೂ ಇರುತ್ತದೆ. ತಂದೆಯಿಂದಲೇ ಕಲಿತು ಹತ್ತು ಹದಿನೈದು ವರ್ಷ ಗರ್ಭಗುಡಿಯಲ್ಲಿ ಕೈಂಕರ್ಯ ಮಾಡಿದವರ ಕೈಯಲ್ಲಿ ಅದೂ ಇಲ್ಲ.

ಇದಕ್ಕಿಂತ ತೊಡಕಿನದು ಹುದ್ದೆಯ ವಿಚಾರ. ಪೂಜೆ ನಡೆಸಲು ತರಬೇತಿಯೂ ಅಧಿಕಾರವೂ ಇರುವವರದು ಒಂದು ವಿಭಾಗ, ಉಳಿದ ಧಾರ್ಮಿಕ ಕೆಲಸಗಾರರದು ಇನ್ನೊಂದು. ಎರಡನೆಯದಕ್ಕೆ ವರ್ಷಕ್ಕೆ 5,000 ವೀಸಾಗಳ ಮಿತಿಯಿದೆ, ಮೇಲಾಗಿ ಅದು ಅಮೆರಿಕ ಸಂಸತ್ತು ಆಗಾಗ ಅವಧಿ ವಿಸ್ತರಿಸಿದರಷ್ಟೇ ಉಳಿಯುವ ವಿಭಾಗ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರದ ಕೆಲಸ ಸ್ಥಗಿತಗೊಂಡಾಗ ಇದೂ ಕೆಲವು ವಾರ ನಿಂತುಹೋಗಿತ್ತು. ಶುಚಿ, ಕಚೇರಿ, ನಿಧಿ ಸಂಗ್ರಹದಂಥ ಕೆಲಸಗಳನ್ನೇ ಮುಖ್ಯವಾಗಿ ಮಾಡುವವರಿಗಂತೂ ಎರಡರಲ್ಲೂ ಜಾಗವಿಲ್ಲ. ಮಡಿಯಲ್ಲಿ ನೈವೇದ್ಯ ಬೇಯಿಸುವುದು ನಮ್ಮ ಲೆಕ್ಕದಲ್ಲಿ ಪೂಜೆಯದೇ ಅಂಗ. ಕಡತ ಓದುವ ಅಧಿಕಾರಿಗೆ ಅದು ಅಡಿಗೆ ಕೆಲಸವಾಗಿಯೇ ಕಂಡೀತು. ಅರ್ಚಕನೆಂದು ಕರೆಸಿಕೊಂಡು ಇಡೀ ದಿನ ಅಡಿಗೆಮನೆಯಲ್ಲಿ ದುಡಿಸುವ ಆಡಳಿತ ಮಂಡಳಿಗಳೂ ಇಲ್ಲದಿಲ್ಲ. ಅಧಿಕಾರಿಗಳು ದೇವಾಲಯಕ್ಕೇ ಬಂದು ಪರಿಶೀಲಿಸುವ ಪದ್ಧತಿಯಿರುವಾಗ ಇದರಿಂದ ಅರ್ಜಿಯೇ ಬಿದ್ದುಹೋಗಬಹುದು, ನಷ್ಟ ಅರ್ಚಕನಿಗೆ.

ಕಾಲವೂ ಇವರ ಪರವಾಗಿಲ್ಲ. ತಾತ್ಕಾಲಿಕ ಆರ್-1 ವೀಸಾದಲ್ಲಿ ಹೆಚ್ಚೆಂದರೆ ಐದು ವರ್ಷ ಇರಬಹುದು, ಗ್ರೀನ್ ಕಾರ್ಡಿನ ಸರದಿಯೋ ಅಷ್ಟರೊಳಗೆ ಬಂದೇ ಬರುತ್ತದೆಂದಿಲ್ಲ. 2025ರಲ್ಲಿ ಧಾರ್ಮಿಕ ಕಾರ್ಯಕರ್ತರೂ ಸೇರುವ ಇಡೀ ವಲಸೆ ವರ್ಗದ ಆ ಹಣಕಾಸು ವರ್ಷದ ವೀಸಾ ಸಂಖ್ಯೆಗಳು ಫೆಬ್ರುವರಿ ಕೊನೆಗೇ ಮುಗಿದಿದ್ದವು. ಹೀಗಿರುವಾಗ ದಾಖಲೆ ಸಾಲದೆಂದು ಕಡತ ಮರಳಿ ಬಂದರೆ ಕಳೆದ ತಿಂಗಳುಗಳನ್ನು ಯಾರೂ ತುಂಬಿಕೊಡುವುದಿಲ್ಲ.

ಸೇವಾ ಅವಧಿ, ದಿನಚರಿ, ಸಂಭಾವನೆ, ಕಲಿಕೆಯ ಪರಂಪರೆ ಇಷ್ಟನ್ನೂ ಒಳಗೊಂಡ ಒಂದೇ ಮಾದರಿಯ ಸೇವಾ ಪ್ರಮಾಣಪತ್ರವನ್ನು ಮುಜರಾಯಿ ಇಲಾಖೆ ರೂಪಿಸಿ, ತಾಲ್ಲೂಕು ಕಚೇರಿಯಲ್ಲಿ ತಸ್ತೀಕು ವಹಿಯೊಂದಿಗೆ ತಾಳೆ ನೋಡಿ ಕೊಡುವಂತಾಗಬೇಕು. ಮಠಗಳು ತಮ್ಮ ಪಾಠಶಾಲೆಗಳಲ್ಲಿ ಓದಿದವರಿಗೆ ಇಸವಿ ನಮೂದಿಸಿದ ಪತ್ರ ಕೊಡಲು ಸರ್ಕಾರದ ಆದೇಶ ಕಾಯಬೇಕಿಲ್ಲ. ಹೊರಡುವ ಅರ್ಚಕರು ವಿಮಾನದ ಟಿಕೆಟ್ಟಿಗೆ ಮೊದಲು ನೇಮಕಾತಿ ಪತ್ರದಲ್ಲಿ ತಮ್ಮ ಕೆಲಸವನ್ನು ಏನೆಂದು ಬರೆದಿದ್ದಾರೆ ಎಂಬುದನ್ನು ಓದಿಸಿ ಕೇಳಲಿ.

– ಮುಜರಾಯಿ ಇಲಾಖೆಯ ನಿವೃತ್ತ ನೌಕರ, ಉಡುಪಿ