ಶಾಸಕರ ಪಿಂಚಣಿಗೂ ಸನ್ನಡತೆಯ ಷರತ್ತಿರಲಿ

ಮಾನ್ಯ ಸಂಪಾದಕರೇ,

ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹಗೊಂಡ ಶಾಸಕರಿಗೆ ಪಿಂಚಣಿ ನಿರಾಕರಿಸುವ ತಿದ್ದುಪಡಿ ಮಸೂದೆಯನ್ನು ಹಿಮಾಚಲ ಪ್ರದೇಶದ ವಿಧಾನಸಭೆ 2024ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡಮತ ಚಲಾಯಿಸಿ, ಬಜೆಟ್ ಅಂಗೀಕಾರದ ವೇಳೆ ಗೈರುಹಾಜರಾಗಿ ಸದಸ್ಯತ್ವ ಕಳೆದುಕೊಂಡ ಆರು ಮಂದಿ ಕಾಂಗ್ರೆಸ್ ಶಾಸಕರ ಪ್ರಕರಣ ಇದಕ್ಕೆ ಹಿನ್ನೆಲೆಯಾಗಿತ್ತು. ಪಿಂಚಣಿಯು ನಡತೆಗೆ ಒಳಪಟ್ಟದ್ದು ಎಂಬ ತತ್ವವನ್ನು ಶಾಸಕರೇ ತುಂಬಿದ ಸದನವೊಂದು ಒಪ್ಪಿಕೊಂಡಿತು ಎಂಬುದು ನನಗೆ ಸಮಾಧಾನ ತಂದಿತ್ತು. ಆದರೆ ಪಕ್ಷದ ವಿಪ್ (ಸದನದಲ್ಲಿ ಪಾಲಿಸಲೇಬೇಕಾದ ಸೂಚನೆ) ಮೀರಿದವರಿಗೆ ಪಿಂಚಣಿ ಬೇಡ ಎಂದ ಆ ಮಸೂದೆ, ಲಂಚ ಪಡೆದವರು, ಸಾರ್ವಜನಿಕ ಸಂಪತ್ತನ್ನು ಲೂಟಿ ಮಾಡಿದವರು, ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಎಸಗಿದವರ ಬಗ್ಗೆ ಏನನ್ನೂ ಹೇಳಲಿಲ್ಲ.

ಪಕ್ಷಾಂತರದ ತಪ್ಪನ್ನು ಅಳೆಯಲು ಮತದಾರರಿದ್ದಾರೆ. 2019ರಲ್ಲಿ ಅಂದಿನ ಸ್ಪೀಕರ್ ರಮೇಶ್ ಕುಮಾರ್ ಅವರು ಕರ್ನಾಟಕದ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ನೀಡಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಕಣಕ್ಕಿಳಿದವರಲ್ಲಿ ಹೆಚ್ಚಿನವರು ಗೆದ್ದು, ಹಲವರು ಸಚಿವರೂ ಆದರು. ಅದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ನ್ಯಾಯಾಲಯದಲ್ಲಿ ಸಾಬೀತಾದ ಅಪರಾಧವನ್ನು ಮಾತ್ರ ಯಾವ ಚುನಾವಣೆಯೂ ತೊಳೆಯಲಾರದು. ಆದ್ದರಿಂದ ಪಿಂಚಣಿ ನಿರಾಕರಣೆಯ ಮಾತು ಮೊದಲು ಅಲ್ಲಿಗೇ ಅನ್ವಯಿಸಬೇಕಿತ್ತು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಕಚೇರಿಯಲ್ಲಿ ನಿವೃತ್ತರ ಕಡತಗಳನ್ನೇ ನೋಡಿಕೊಂಡಿದ್ದವನು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮದಂತೆ ಗಂಭೀರ ದುರ್ನಡತೆ ಸಾಬೀತಾದ ನೌಕರರ ಪಿಂಚಣಿಯನ್ನು ಪೂರ್ತಿಯಾಗಿಯೋ ಭಾಗಶಃವೋ ತಡೆಹಿಡಿಯುವ ಅಧಿಕಾರ ಸರ್ಕಾರಕ್ಕಿದೆ. ನಿವೃತ್ತಿಯ ದಿನ ಇಲಾಖಾ ವಿಚಾರಣೆಯಾಗಲಿ ಕ್ರಿಮಿನಲ್ ಪ್ರಕರಣವಾಗಲಿ ಬಾಕಿ ಇದ್ದರೆ ಅವರಿಗೆ ತಾತ್ಕಾಲಿಕ ಪಿಂಚಣಿಯಷ್ಟೇ ಮಂಜೂರಾಗುತ್ತದೆ. ಉಪದಾನದ (ಗ್ರಾಚ್ಯುಟಿ) ಹಣ ಅಂತಿಮ ಆದೇಶದವರೆಗೆ ಕೈಗೆ ಬರುವುದಿಲ್ಲ. ದಾಸ್ತಾನು ಪುಸ್ತಕವೊಂದರ ಲೆಕ್ಕ ತಾಳೆಯಾಗಲಿಲ್ಲ ಎಂಬ ಕಾರಣಕ್ಕೆ ಬಾಕಿಯೇನೂ ಇಲ್ಲವೆಂಬ ಬೇಬಾಕಿ ಪ್ರಮಾಣಪತ್ರ ಸಿಗದೆ, ಮಗಳ ಮದುವೆ ಹತ್ತಿರವಾದಾಗಲೂ ಉಪದಾನಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತಿಳಿಯುತ್ತಿದ್ದ ಒಬ್ಬ ಜವಾನರ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ನಿಯಮ ನಿಯಮವೇ ಎಂದು ಅವರಿಗೆ ಹೇಳಿ ಕಳುಹಿಸಿದವನು ನಾನೇ. ಮೂರು ದಶಕ ದುಡಿದು ಗಳಿಸಿದ ಪಿಂಚಣಿಗೇ ಇಷ್ಟು ಕಟ್ಟುನಿಟ್ಟಿರುವಾಗ, ಒಂದೇ ಅವಧಿಗೆ ಆಯ್ಕೆಯಾದವರಿಗೂ ಜೀವನಪರ್ಯಂತ ಸಿಗುವ ಪಿಂಚಣಿಗೆ ನಡತೆಯ ಷರತ್ತು ಬೇಡವೆನ್ನಲು ಯಾವ ಸಮರ್ಥನೆಯಿದೆ?

2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಮಂಡಲವು ಶಾಸಕರ ವೇತನವನ್ನು 40 ಸಾವಿರದಿಂದ 80 ಸಾವಿರ ರೂಪಾಯಿಗೂ, ಮಾಜಿ ಶಾಸಕರ ಪಿಂಚಣಿಯನ್ನು 50 ಸಾವಿರದಿಂದ 75 ಸಾವಿರ ರೂಪಾಯಿಗೂ ಏರಿಸಿತು. ಸದನದಲ್ಲಿ ಭಾರಿ ಗದ್ದಲವಿದ್ದ ಆ ದಿನ ಈ ಮಸೂದೆಗಳು ಚರ್ಚೆಯಿಲ್ಲದೆ ದಾಟಿಹೋದವು. ಮೊತ್ತ ಏರಿಸುವಾಗಲೇ ಅರ್ಹತೆಯ ಬಗ್ಗೆಯೂ ಒಂದು ಕಲಮು ಸೇರಿಸಬಹುದಿತ್ತು. ಅದು ಆಗಲಿಲ್ಲ. ಸಂಸದರ ಪಿಂಚಣಿಯ ವಿಷಯವೂ ಹೀಗೆಯೇ. ಪ್ರಶ್ನೆ ಕೇಳಲು ಹಣ ಪಡೆದ ಹಗರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದ ಸಂಸತ್ತು, ಹಾಗೆ ಉಚ್ಚಾಟಿತರಾದವರಿಗೆ ಪಿಂಚಣಿ ಸಲ್ಲದು ಎಂಬ ಒಂದು ಸಾಲನ್ನು ಸಂಸದರ ವೇತನ, ಭತ್ಯೆ ಮತ್ತು ಪಿಂಚಣಿಯ 1954ರ ಕಾಯ್ದೆಗೆ ಸೇರಿಸಲಿಲ್ಲ.

ಇದು ಎಲ್ಲೋ ದೂರದ ಮಾತಲ್ಲ. ಬೇಲೆಕೇರಿ ಅದಿರು ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಕಾರವಾರದ ಶಾಸಕರಿಗೂ, ಓಬಳಾಪುರಂ ಗಣಿ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಗಂಗಾವತಿಯ ಶಾಸಕರಿಗೂ ತಲಾ ಏಳು ವರ್ಷಗಳ ಶಿಕ್ಷೆಯಾಯಿತು. 2025ರ ಆಗಸ್ಟ್‌ನಲ್ಲಿ ಹಾಸನದ ಮಾಜಿ ಸಂಸದರಿಗೆ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಮೊದಲ ಎರಡು ಪ್ರಕರಣಗಳಲ್ಲಿ ಮೇಲ್ಮನವಿಯ ಹಂತದಲ್ಲಿ ಹೈಕೋರ್ಟ್‌ಗಳು ಶಿಕ್ಷೆಯನ್ನು ಅಮಾನತಿನಲ್ಲಿಟ್ಟವು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕೆಳ ನ್ಯಾಯಾಲಯದ ತೀರ್ಪೇ ಕೊನೆಯ ಮಾತಲ್ಲ. ಅದಕ್ಕೇ ನೌಕರರಿಗಿರುವ ತಾತ್ಕಾಲಿಕ ಪಿಂಚಣಿಯ ಪದ್ಧತಿಯನ್ನು ನಾನು ಸೂಚಿಸುತ್ತಿದ್ದೇನೆ. ಜನಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅನರ್ಹತೆ ತರುವಂಥ ಶಿಕ್ಷೆ ಪ್ರಕಟವಾದ ದಿನದಿಂದ ಪಿಂಚಣಿಯ ಅಲ್ಪಭಾಗವನ್ನಷ್ಟೇ ನೀಡಿ, ಅಂತಿಮ ತೀರ್ಪಿನಲ್ಲಿ ಖುಲಾಸೆಯಾದರೆ ತಡೆಹಿಡಿದ ಹಣವನ್ನು ಪೂರ್ತಿಯಾಗಿ ಮರಳಿಸಿ, ಅಪರಾಧ ಸ್ಥಿರಪಟ್ಟರೆ ಶಾಶ್ವತವಾಗಿ ನಿಲ್ಲಿಸಬಹುದು. ಅನರ್ಹತೆಯ ಅವಧಿ ಬಿಡುಗಡೆಯಾದ ಆರು ವರ್ಷಗಳಿಗೆ ಮುಗಿಯುತ್ತದೆ; ಪಿಂಚಣಿ ಮಾತ್ರ ಮತ್ತೆ ಆರಂಭವಾಗಕೂಡದು. ಆದರೆ ತಪ್ಪು ಮಾಡದ ಪತ್ನಿಯೋ ಪತಿಯೋ ಬೇರೆ ಆಧಾರವಿಲ್ಲದಿದ್ದಲ್ಲಿ ಅವರ ಕುಟುಂಬ ಪಿಂಚಣಿಯನ್ನು ಕಸಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಅಪರಾಧ ಎಸಗಿದಾಗ ಇರದಿದ್ದ ಹೆಚ್ಚಿನ ದಂಡನೆಯನ್ನು ನಂತರ ಹೇರಬಾರದೆಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ಪಿಂಚಣಿ ತಡೆಯೂ ದಂಡನೆಯೇ ಎಂಬ ವಾದ ಏಳದಿರಲೆಂದು ಹೊಸ ಕಲಮು ಮುಂದಿನ ಅಪರಾಧಗಳಿಗಷ್ಟೇ ಅನ್ವಯಿಸಿದರೂ ಸಾಕು. ಶಾಸಕರ ವೇತನ ಭತ್ಯೆಗಳನ್ನು ಕಾನೂನಿನ ಮೂಲಕ ನಿಗದಿಪಡಿಸುವ ಅಧಿಕಾರವನ್ನು 195ನೇ ವಿಧಿ ವಿಧಾನಮಂಡಲಕ್ಕೇ ಕೊಟ್ಟಿದೆ. ಮಾಜಿ ಸಂಸದರ ಪಿಂಚಣಿ ಪ್ರಶ್ನಿಸಿದ ಅರ್ಜಿಯನ್ನು 2018ರಲ್ಲಿ ತಳ್ಳಿಹಾಕಿದ ಸುಪ್ರೀಂ ಕೋರ್ಟ್ ಕೂಡ ಇದನ್ನು ಶಾಸನಸಭೆಗಳ ವಿವೇಚನೆಗೇ ಬಿಟ್ಟಿದೆ. ಹಾಗಾಗಿ ಮುಂದಿನ ಅಧಿವೇಶನದಲ್ಲಿ ಸರ್ಕಾರ 1956ರ ಕರ್ನಾಟಕ ವಿಧಾನಮಂಡಲದ ವೇತನ, ಪಿಂಚಣಿ ಮತ್ತು ಭತ್ಯೆಗಳ ಕಾಯ್ದೆಗೆ ಈ ತಿದ್ದುಪಡಿ ತರಲಿ ಎಂದು ಕೋರುತ್ತೇನೆ. ಸರ್ಕಾರ ತಾರದಿದ್ದರೆ ಖಾಸಗಿ ಮಸೂದೆಯಾಗಿ ಮಂಡಿಸಲು ಯಾವ ಪಕ್ಷದ ಸದಸ್ಯರಾದರೂ ಮುಂದೆ ಬರಲಿ. ಈ ಬಾರಿ ಅದರ ಮೇಲೆ ಸದನದಲ್ಲಿ ಪೂರ್ಣ ಚರ್ಚೆ ನಡೆದು, ಯಾರು ಪರ, ಯಾರು ವಿರೋಧ ಎಂಬುದು ಹೆಸರು ಸಹಿತ ಕಡತದಲ್ಲಿ ದಾಖಲಾಗಲಿ.

— ನಿವೃತ್ತ ಸರ್ಕಾರಿ ನೌಕರ, ಚಿತ್ರದುರ್ಗ