ಕೈ ಚಾಚಿ ಸಾಯುವ ನಾಯಕನ ಬಗ್ಗೆ

ಚಿಕ್ಕಮಗಳೂರು

ಪ್ರೀತಿಯ ತಂಗಿ,

ನಿನ್ನ ಅನಿಮೇಷನ್ ಸ್ಕ್ರಿಪ್ಟ್ ಪೂರ್ತಿ ಓದಿದೆ. ಮೊದಲ ಎರಡು ಭಾಗ ಚೆನ್ನಾಗಿ ಓಡಿಸಿಕೊಂಡು ಹೋಗುತ್ತವೆ. ನಾನು ತಡವರಿಸಿದ್ದು ಕೊನೆಯ ದೃಶ್ಯದಲ್ಲಿ. ಅಣೆಕಟ್ಟು ಒಡೆಯುತ್ತದೆ. ನಿನ್ನ ಹುಡುಗ ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಮೇಲೆ ನಿಂತು ಎರಡೂ ಕೈ ಚಾಚಿ ನೀರು ತಡೆಯುತ್ತಾನೆ, ಸಾಯುತ್ತಾನೆ, ಮೂರನೇ ದಿನ ಬೆಳಿಗ್ಗೆ ನೀರಿನಿಂದ ಎದ್ದು ಬರುತ್ತಾನೆ. ಯೇಸುವಿನ ಛಾಯೆ ಬೇಕೆಂದೇ ತಂದಿದ್ದೇನೆ, ಕ್ರೈಸ್ತಳಲ್ಲದ ನಾನು ಹೀಗೆ ಬರೆಯಬಹುದಾ ಎಂದು ಕೇಳಿದ್ದೀಯ. ಧಾರಾಳವಾಗಿ ಬರಿ. ಗೋವಿಂದ ಪೈಗಳು ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಕನ್ನಡಕ್ಕೆ ತಂದು ಎಷ್ಟೋ ಕಾಲವಾಯಿತು. ಆದರೆ ನೀನು ತಂದಿರುವುದು ಅವನು ನಿಂತ ಭಂಗಿ ಮಾತ್ರ. ಮನುಷ್ಯ ಇನ್ನೂ ಬಂದಿಲ್ಲ.

ದೊಡ್ಡ ದುಡ್ಡಿನ ಸಿನಿಮಾಗಳಲ್ಲೂ ಹೀಗಾಗುತ್ತದೆ. 2013ರ ‘ಮ್ಯಾನ್ ಆಫ್ ಸ್ಟೀಲ್’ ನೋಡು. ಸೂಪರ್‌ಮ್ಯಾನ್‌ಗೆ ಅಲ್ಲಿ 33 ವರ್ಷ. ಅವನು ಪಾದ್ರಿಯ ಹತ್ತಿರ ಮಾತಾಡುವಾಗ ಹಿಂದಿನ ಬಣ್ಣದ ಗಾಜಿನಲ್ಲಿ ಪ್ರಾರ್ಥಿಸುವ ಯೇಸು ಕಾಣುತ್ತಾನೆ. ನೌಕೆಯಿಂದ ಹೊರಗೆ ಬೀಳುವಾಗ ಕೈಗಳು ಶಿಲುಬೆಯ ಹಾಗೆ ಚಾಚಿರುತ್ತವೆ. ಇಷ್ಟೆಲ್ಲ ಇದ್ದರೂ ನನಗೆ ಅವನ ಬಗ್ಗೆ ಮರುಕ ಹುಟ್ಟಲಿಲ್ಲ. ಅವನನ್ನು 1938ರಲ್ಲಿ ಓದುಗರ ಮುಂದೆ ತಂದ ಜೆರ್ರಿ ಸೀಗಲ್, ಜೋ ಶೂಸ್ಟರ್ ಇಬ್ಬರೂ ಯಹೂದಿ ಮನೆತನದ ಹುಡುಗರು. ನಾಶವಾಗುವ ಲೋಕದಿಂದ ಹೆತ್ತವರು ಕೂಸನ್ನು ನೌಕೆಯಲ್ಲಿಟ್ಟು ಕಳಿಸುವ ಕತೆ ಬೈಬಲಿನಲ್ಲಿ ಕೂಸಾಗಿ ಬುಟ್ಟಿಯಲ್ಲಿ ತೇಲಿದ ಮೋಶೆಗೆ ಹತ್ತಿರ. ನಮಗಂತೂ ತಕ್ಷಣ ಕರ್ಣ ನೆನಪಾಗುತ್ತಾನೆ, ಅಲ್ವಾ? ಯೇಸುವಿನ ಹೋಲಿಕೆಯನ್ನು ಒತ್ತಿ ಒತ್ತಿ ತೋರಿಸಿದ್ದು ಆಮೇಲೆ ಬಂದವರು.

1999ರಲ್ಲಿ ಬ್ರಾಡ್ ಬರ್ಡ್ ನಿರ್ದೇಶಿಸಿದ ‘ದಿ ಐರನ್ ಜೈಂಟ್’ ಬೇರೆಯೇ ಥರ. ಅದರ ನಾಯಕ ಆಯುಧವಾಗಿ ತಯಾರಾದ ಒಂದು ಯಂತ್ರ. ಶುರುವಿನಲ್ಲಿ ಹೋಗಾರ್ತ್ ಎಂಬ ಹುಡುಗ ಅದಕ್ಕೆ, ನಾನು ಹೋಗ್ತೀನಿ, ನೀನು ಇಲ್ಲೇ ಇರು, ಹಿಂದೆ ಬರಬೇಡ ಅಂತ ಹೇಳುತ್ತಾನೆ. ಕೊನೆಗೆ ಸೈನ್ಯವೇ ಬಿಟ್ಟ ಕ್ಷಿಪಣಿ ಊರಿನ ಮೇಲೆ ಬೀಳಲಿರುವಾಗ ಜೈಂಟ್ ಅದೇ ಮಾತನ್ನು ಹುಡುಗನಿಗೆ ತಿರುಗಿ ಹೇಳಿ ಕ್ಷಿಪಣಿಗೆ ಎದುರಾಗಿ ಮೇಲಕ್ಕೆ ಹಾರುತ್ತದೆ. ಗಂಟಲು ಕಟ್ಟಿಬಿಡುತ್ತದೆ. ಕೊಲ್ಲಲು ಹುಟ್ಟಿದ್ದು ಕೊಲ್ಲದಿರುವುದನ್ನು ತಾನೇ ಆರಿಸಿಕೊಂಡಿತು. ಯಾರಿಗಾಗಿ ಎಂದರೆ, ತನ್ನನ್ನು ಕಂಡು ಹೆದರಿದ ಊರಿಗಾಗಿ.

ಯೇಸುವಿನ ಮೂಲ ಕತೆಗೇ ಹೋಗೋಣ. ಅಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಸಾವಿನ ಹಿಂದಿನ ರಾತ್ರಿ. ಗೆತ್ಸೆಮನೆ ತೋಟದಲ್ಲಿ ಯೇಸು ಕಂಗೆಟ್ಟಿದ್ದಾನೆ. ಸಾಧ್ಯವಾದರೆ ಈ ಸಂಕಟದ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಎಂದು ಬೇಡುತ್ತಾನೆ. ಎಚ್ಚರವಾಗಿರಿ ಎಂದು ಹೇಳಿದ್ದರೂ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನ ಮೂವರೂ ನಿದ್ದೆ ಹೋಗಿದ್ದಾರೆ. ಎಬ್ಬಿಸಿದರೆ ಮತ್ತೆ ನಿದ್ದೆ. ನಿನ್ನ ಹುಡುಗನಿಗೆ ಇಂಥ ರಾತ್ರಿಯೇ ಇಲ್ಲ. ಬಿರುಕಿನ ಸುದ್ದಿ ಕೇಳಿದವನೇ ಓಡಿಬಿಡುತ್ತಾನೆ. ಅವನಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ಕೊಡು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿ ಕೂತಿರಲಿ. ಕಂಡಕ್ಟರ್ ಟಿಕೆಟ್ ಹರಿದು ಕೊಡಲಿ. ಆಮೇಲೆ ಅವನಾಗಿಯೇ ಇಳಿಯಲಿ.

ಇನ್ನೊಂದು ಕೆಲಸ ಮಾಡು. ಹಾಸನದ ಯಾವುದಾದರೂ ಕ್ಯಾಥೊಲಿಕ್ ಚರ್ಚಿಗೆ ಹೋಗಿ ಶಿಲುಬೆ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ಸಾವಿನತ್ತ ನಡೆದ ಕತೆಯ, 14 ಚಿತ್ರಗಳನ್ನು ನೋಡು. ಒಂದೊಂದರ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲು. 3, 7, 9ನೇ ಚಿತ್ರಗಳಲ್ಲಿ ಅವನು ಬೀಳುತ್ತಾನೆ. ಲೋಕವನ್ನು ಉಳಿಸಲು ಬಂದವನು ಮೂರು ಸಲ ನೆಲಕ್ಕೆ ಬೀಳುತ್ತಾನೆ! 4ರಲ್ಲಿ ತಾಯಿ ಎದುರಾಗುತ್ತಾಳೆ. 5ರಲ್ಲಿ ಸೀಮೋನ, ಹಳ್ಳಿ ಕಡೆಯಿಂದ ಬರುತ್ತಿದ್ದ ದಾರಿಹೋಕ. ಸೈನಿಕರು ಅವನನ್ನು ಹಿಡಿದು ಶಿಲುಬೆ ಹೊರಿಸುತ್ತಾರೆ. 6ರಲ್ಲಿ ವೆರೋನಿಕ ಬಟ್ಟೆಯಿಂದ ಅವನ ಮುಖ ಒರೆಸುತ್ತಾಳೆ. ಅವಳಿಂದ ಆಗುವುದು ಅಷ್ಟೇ, ಅಷ್ಟನ್ನು ಮಾಡುತ್ತಾಳೆ. ನಿನ್ನ ನಾಯಕ ಒಂದು ಸಲವೂ ಬೀಳುವುದಿಲ್ಲ, ಯಾರೂ ಅವನ ಮುಖ ಒರೆಸುವುದಿಲ್ಲ. ಮೊದಲ ಭಾಗದಲ್ಲಿ ಮೀನು ಮಾರುವ ಅಜ್ಜಿಯೊಬ್ಬಳು ಎರಡು ಮಾತಾಡಿ ಮಾಯವಾಗುತ್ತಾಳಲ್ಲ, ಅವಳನ್ನು ಕೊನೆಯ ದೃಶ್ಯಕ್ಕೆ ಕರೆದುಕೊಂಡು ಬಾ.

ಈಗ ನಾನು ಹೇಳಲೇಬೇಕಾದ ಮಾತು. ಶೆಟ್ಟಿಹಳ್ಳಿಯನ್ನು ಸುಮ್ನೆ ಚಂದದ ಹಿನ್ನೆಲೆಯಾಗಿ ಬಳಸಬೇಡ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರಿನವರು ಜಾಗ ಬಿಟ್ಟು ಹೋದರು. ಈಗ ಮಳೆಗಾಲದಲ್ಲಿ ಗೋಡೆಗಳು ಮುಳುಗುತ್ತವೆ, ಬೇಸಿಗೆಯಲ್ಲಿ ಜನ ಫೋಟೊ ತೆಗೆಯಲು ಬರುತ್ತಾರೆ. ನೀರಿಗಾಗಿ ಅಲ್ಲಿ ಆಗಲೇ ಒಂದು ಬಲಿ ನಡೆದುಹೋಗಿದೆ, ತಂಗಿ.

‘ಕೆರೆಗೆ ಹಾರ’ದ ಭಾಗೀರಥಿಯನ್ನು ನೆನಪು ಮಾಡಿಕೋ. ಕೆರೆಗೆ ನೀರು ಬರಲಿಲ್ಲವೆಂದು ಸೊಸೆಯನ್ನು ಬಲಿ ಕೊಡಬೇಕೆಂದು ತೀರ್ಮಾನವಾಗುತ್ತದೆ. ಅವಳು ತವರಿಗೆ ಹೋಗುತ್ತಾಳೆ, ಅಪ್ಪನಿಗೆ ನಿಜ ಹೇಳುವುದಿಲ್ಲ. ಗೆಳತಿಗೆ ಮಾತ್ರ ಹೇಳುತ್ತಾಳೆ. ಮರೆತ ಬಟ್ಟಲು ತರಲು ಕೆರೆಗೆ ವಾಪಸ್ ಹೋದಾಗ ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ಅವಳದೂ ಗೆತ್ಸೆಮನೆಯೇ. ಆದರೆ ಯೋಹಾನನ ಸುವಾರ್ತೆಯಲ್ಲಿ ಯೇಸು, ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎನ್ನುತ್ತಾನೆ. ಭಾಗೀರಥಿಗೆ ಹಾಗೆ ಹೇಳುವ ಅವಕಾಶ ಎಲ್ಲಿತ್ತು? ಕಿತ್ತುಕೊಂಡಿದ್ದನ್ನು ತ್ಯಾಗವೆಂದು ಹೊಗಳುವ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಲಿಯಾಗುವವರು ಹೆಣ್ಣುಮಕ್ಕಳು, ಬಡವರು. ನೀನು ಆ ಸಾಲಿಗೆ ಇನ್ನೊಂದು ಸೇರಿಸಬಾರದು.

ಅದಕ್ಕೇ ಕೇಳುತ್ತೇನೆ: ನಿನ್ನ ಹುಡುಗ ಶೆಟ್ಟಿಹಳ್ಳಿಯಲ್ಲಿ ಹಾಗೆ ಊರು ಬಿಟ್ಟವರ ಮೊಮ್ಮಗನಾದರೆ? ಕೆಳಗಿನ ಊರುಗಳಿಗೆ ನೀರು ಹರಿಯಲೆಂದು ಅವನ ಅಜ್ಜ ಮನೆ ಕಳೆದುಕೊಂಡಿದ್ದಾನೆ. ಈಗ ಅಣೆಕಟ್ಟು ಒಡೆದರೆ ಸಾಯುವವರು ಅದೇ ಕೆಳಗಿನ ಊರಿನವರು. ಅವರು ಮುಳುಗಲಿ ಬಿಡು ಎನ್ನಲು ಅವನಿಗೆ ಕಾರಣವಿದೆ. ಆ ಸಿಟ್ಟನ್ನು ಪೂರ್ತಿ ಬರಿ, ಅಜ್ಜನ ಬಾಯಲ್ಲೂ ಬರಿ. ಬಸ್ಸಿನಿಂದ ಇಳಿಯುವುದು ಆಗ ನಿಜಕ್ಕೂ ಕಷ್ಟವಾಗುತ್ತದೆ.

ಎದ್ದು ಬರುವ ದೃಶ್ಯ ಬೇಕೇ ಬೇಕು ಅಂದರೆ ಇಟ್ಟುಕೋ, ಆದರೆ ಹೊಸ ಬಟ್ಟೆ, ಹೊಳೆಯುವ ಮುಖ ಬೇಡ. ಯೋಹಾನನ ಸುವಾರ್ತೆಯಲ್ಲಿ ಎದ್ದು ಬಂದವನ ಕೈಯಲ್ಲಿ ಗಾಯ ಹಾಗೇ ಇದೆ, ನಂಬದ ಶಿಷ್ಯ ತೋಮನಿಗೆ ಅದನ್ನೇ ತೋರಿಸುತ್ತಾನೆ. ಮಾರ್ಕನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳು ನಿಲ್ಲುವುದು, ಸಮಾಧಿ ಬರಿದಾಗಿರುವುದನ್ನು ಕಂಡ ಹೆಂಗಸರು ಹೆದರಿ ಓಡಿಹೋಗುವಲ್ಲಿ. ಐರನ್ ಜೈಂಟ್‌ನಲ್ಲಿ ಹುಡುಗನ ಕೈಗೆ ಕೊನೆಗೆ ಸಿಗುವುದು ಜೈಂಟ್‌ನ ಒಂದೇ ಒಂದು ಸ್ಕ್ರೂ. ನಿನ್ನ ಕತೆಯಲ್ಲಿ ಉಳಿಯುವ ಗುರುತು ಯಾವುದು, ಯೋಚಿಸು.

ಸ್ಟೋರಿಬೋರ್ಡಿಗೆ ಈಗಲೇ ಕೈ ಹಾಕಬೇಡ. ಅದಕ್ಕೆ ಮೊದಲು, ಮುಳುಗಡೆಯಲ್ಲಿ ಮನೆ ಬಿಟ್ಟ ಹಿರಿಯರು ಯಾರಾದರೂ ಸಿಕ್ಕರೆ ಪಕ್ಕದಲ್ಲಿ ಕೂತು ಮಾತಾಡಿಸು. ಏನನ್ನು ಹೊತ್ತು ತಂದರು, ಏನನ್ನು ಬಿಟ್ಟು ಬಂದರು ಅಂತ ಕೇಳು. ಅವರು ಹೇಳಲು ಇಷ್ಟಪಡದಿದ್ದರೆ ಒತ್ತಾಯ ಮಾಡಬೇಡ. ಮೂರನೇ ಭಾಗ ಹೊಸದಾಗಿ ಬರೆದು ಕಳಿಸು, ಅಜ್ಜ ಮೊಮ್ಮಗನ ಜಗಳವನ್ನು ಮೊದಲು ಬರಿ.

ನಿನ್ನ ಹಿತೈಷಿ