ಬೇಡ ಎಂದವರಿಗೆ ಮೊದಲ ನಮಸ್ಕಾರ

ನಾಟಕ ಮುಗಿಯಿತು, ನೇರಪ್ರಸಾರವೂ ಎಲ್ಲಿಯೂ ಕಡಿಯದೆ ದಡ ಸೇರಿತು. ಸಭಾಂಗಣದಲ್ಲಿ ಕುಳಿತವರಿಗೂ ಟಿವಿ ಮುಂದೆ ಕುಳಿತವರಿಗೂ ಒಟ್ಟೊಟ್ಟಿಗೆ ಆಡುವುದು ನಮ್ಮ ತಂಡಕ್ಕೆ ಹೊಸತು. ರಂಗಮಂದಿರ ಕೈಗೆ ಸಿಕ್ಕಿದ್ದೂ ತಡವಾಗಿ. ಈಗ ಅಭಿನಂದನೆಗಳೆಲ್ಲ ರಂಗಸಜ್ಜಿಕೆ ಮಾಡಿದ ನನ್ನ ಹೆಸರಿಗೆ ಬರುತ್ತಿವೆ. ಸಂತೋಷವೇ. ಆದರೆ ಆ ಸೆಟ್ಟು ಕಣ್ಣಿಗೆ ಒಪ್ಪಿದ್ದು, ಯಾರ ತಲೆಯ ಮೇಲೂ ಬೀಳದೆ ನಿಂತದ್ದು, ಎದುರು ನಿಂತು ‘ಬೇಡ’ ಎಂದ ಕೆಲವರಿಂದ. ಹೂಂಗುಟ್ಟಿದವರಿಗೆ ವೇದಿಕೆಯ ಮೇಲೆಯೇ ಹಾರ ಬಿದ್ದಿದೆ, ಈ ಬರಹ ಉಳಿದವರಿಗೆ.

ಮೊದಲನೆಯವರು ಕ್ಯಾಮೆರಾ ತಂಡದ ಮುಖ್ಯಸ್ಥೆ. ಹಿಂಗೋಡೆಗೆ ಸಣ್ಣ ಉದ್ದಗೆರೆಗಳನ್ನು ಬರೆಸಿದ್ದೆ. ಸಭಾಂಗಣದ ಕೊನೆಯ ಸಾಲಿನಿಂದ ಗೋಡೆ ಎತ್ತರವಾಗಿ, ಗಂಭೀರವಾಗಿ ಕಾಣುತ್ತಿತ್ತು. ಅವರು ವಾದಕ್ಕೆ ಇಳಿಯಲಿಲ್ಲ, ಮಾನಿಟರ್ ಮುಂದೆ ತಂದು ನಿಲ್ಲಿಸಿದರು. ಕ್ಯಾಮೆರಾ ಅತ್ತಿತ್ತ ಸರಿದಂತೆ ಗೆರೆಗಳೆಲ್ಲ ಹುಳುಗಳ ಹಾಗೆ ಹರಿದಾಡತೊಡಗಿದವು. ಕ್ಯಾಮೆರಾದೊಳಗಿನ ಸಂವೇದಕಕ್ಕೂ ತನ್ನದೇ ಚುಕ್ಕಿಗಳ ಸಾಲುಗಳಿವೆ. ಗೋಡೆಯ ಗೆರೆಯೋ ಸೀರೆಯ ನೇಯ್ಗೆಯೋ ಅದರ ಅಂತರಕ್ಕೆ ಹತ್ತಿರ ಬಂದರೆ, ಎರಡೂ ಒಂದರ ಮೇಲೊಂದು ಬಿದ್ದು ಅಲ್ಲಿ ಇಲ್ಲದ ಅಲೆಗಳು ಹುಟ್ಟುತ್ತವೆ. ಮೊಯಿರೆ ಎಂದು ಇದಕ್ಕೆ ಹೆಸರು. ನಮ್ಮ ಬಣ್ಣದ ಕಲಾವಿದರು ಬೂದುಬಣ್ಣದಲ್ಲಿ ಅದ್ದಿದ ಸ್ಪಂಜನ್ನು ಬಹುತೇಕ ಒಣಗುವಷ್ಟು ಹಿಂಡಿ, ಗೇಣಿಗೊಂದು ಕಡೆ ಒತ್ತುತ್ತಾ ರಾತ್ರಿಯಿಡೀ ಗೆರೆಗಳನ್ನು ಮುರಿದರು. ಕೊನೆಯ ಸಾಲಿಗೆ ಗೋಡೆ ಮೊದಲಿನಂತೆಯೇ ಕಂಡಿತು, ಮಾನಿಟರ್‌ನಲ್ಲಿ ಹುಳುಗಳು ಸತ್ತಿದ್ದವು. ಅವರ ಬೆರಳ ಸಂದಿಯ ಬೂದುಬಣ್ಣ ಮಾತ್ರ ಪ್ರಯೋಗದ ದಿನವೂ ಹೋಗಿರಲಿಲ್ಲ.

ಬೆಳಕಿನ ವಿನ್ಯಾಸಕರು ಕತ್ತಲನ್ನು ಪ್ರೀತಿಸುವ ಮನುಷ್ಯ. ರಾತ್ರಿಯ ದೃಶ್ಯದಲ್ಲಿ ಮುಖಗಳ ಮೇಲೆ ಕ್ಯಾಮೆರಾಕ್ಕೆಂದು ಒಂದಿಷ್ಟು ಬೆಳಕು ಬಿಟ್ಟುಕೊಟ್ಟರು. ಅದು ಎಂಥ ತ್ಯಾಗ ಎಂದು ಅವರನ್ನು ಬಲ್ಲವರಿಗೆ ಗೊತ್ತು.

ಮೂರನೆಯವರು ಮೇಲಿನ ಹಗ್ಗ, ಬಾರು (ಸೆಟ್ಟು ತೂಗುಹಾಕುವ ಅಡ್ಡ ಕೊಳವೆ), ತೂಕಗಳನ್ನು ನೋಡಿಕೊಳ್ಳುವ ಹಿರಿಯರು. ಪ್ರಯೋಗದ ಹಿಂದಿನ ರಾತ್ರಿ ನಿರ್ದೇಶಕರಿಗೆ ಇಳಿಬಿಟ್ಟ ಕಿಟಕಿಯನ್ನು ಬದಲಿಸುವ ಆಸೆ ಹುಟ್ಟಿತು. ‘ಮೇಲೆ ಅಟ್ಟದಲ್ಲಿ ಜನರಿಲ್ಲ, ಈಗ ಬೇಡ’ ಎಂದರು ಹಿರಿಯರು. ಬಾರಿಗೆ ಸೆಟ್ಟು ಕಟ್ಟಿದ ಮೇಲೆಯೇ ಅಟ್ಟದಲ್ಲಿ ನಿಂತವರು ಎದುರುತೂಕದ ಕಬ್ಬಿಣದ ಗಟ್ಟಿಗಳನ್ನು ಪೇರಿಸಬೇಕು. ಬಿಚ್ಚುವಾಗ ಮೊದಲು ಗಟ್ಟಿ ತೆಗೆದು, ಆಮೇಲೆ ಸೆಟ್ಟು ಬಿಚ್ಚಬೇಕು. ಹಿಂದುಮುಂದಾದರೆ ಹಗುರಾದ ಬಾರು ಮೇಲಕ್ಕೆ ಚಿಮ್ಮುತ್ತದೆ, ಎದುರುತೂಕ ಧಡಾರನೆ ಕೆಳಗೆ ಬೀಳುತ್ತದೆ, ಹಗ್ಗ ಹಿಡಿದು ತಡೆಯಹೋದವರ ಅಂಗೈ ಕಿತ್ತುಹೋಗುತ್ತದೆ. ಕಿಟಕಿ ಇದ್ದಲ್ಲೇ ಉಳಿಯಿತು. ನಿರ್ದೇಶಕರು ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದರು, ಅಷ್ಟೇ.

ಅಗ್ನಿಸುರಕ್ಷತೆಯ ಅಧಿಕಾರಿ ಕ್ಯಾಮೆರಾ ಕ್ರೇನನ್ನು ಹೊರಬಾಗಿಲ ದಾರಿಯಲ್ಲಿ ನಿಲ್ಲಿಸಲು ಬಿಡಲಿಲ್ಲ. ಅತಿಯಾಯಿತೆಂದು ಕೆಲವರು ಗೊಣಗಿದರು. 1903ರ ಡಿಸೆಂಬರ್ 30ರಂದು ಷಿಕಾಗೊದ ಇರೊಕ್ವಾಯ್ ಥಿಯೇಟರ್‌ನಲ್ಲಿ ಆರ್ಕ್ ದೀಪದ ಕಿಡಿ ಪರದೆಗೆ ಹತ್ತಿತು, ಬೆಂಕಿ ತಡೆಯಬೇಕಿದ್ದ ಸುರಕ್ಷಾಪರದೆ ನಡುವೆಯೇ ಸಿಕ್ಕಿಕೊಂಡಿತು, ತೆರೆಯದ ಬಾಗಿಲುಗಳ ಬಳಿ ಜನ ರಾಶಿ ಬಿದ್ದರು. ಸತ್ತವರು 600ಕ್ಕೂ ಹೆಚ್ಚು. ಅಧಿಕಾರಿಗೆ ನನ್ನ ಪೂರ್ಣ ಬೆಂಬಲವಿತ್ತು, ಈಗಲೂ ಇದೆ.

ಇನ್ನು ನಮ್ಮ ರಂಗನಿರ್ವಾಹಕಿ. ತೆರೆಮರೆಯ ಸಿಬ್ಬಂದಿ ಪರಸ್ಪರ ಮಾತಾಡುವ ಟಾಕ್‌ಬ್ಯಾಕ್‌ನಲ್ಲಿ, ಕೆಲಸ ಶುರುಮಾಡಲು ಸೂಚನೆಯಾದ ‘ಗೋ’ ಎಂಬ ಪದವನ್ನು ಅವರ ಹೊರತು ಯಾರೂ ಬಾಯಿತಪ್ಪಿಯೂ ಆಡಬಾರದು. ಆಡಿದರೆ ಎಲ್ಲೋ ಒಂದು ದೀಪ ಆರುತ್ತದೆ, ಒಂದು ಗೋಡೆ ಹೊರಡುತ್ತದೆ. ಎರಡನೆಯ ಅಂಕದಲ್ಲಿ ಮೆಟ್ಟಿಲ ಬಂಡಿಯ ಚಕ್ರವೊಂದು ಕೇಬಲ್ ಹೊದಿಕೆಗೆ ಸಿಕ್ಕಿಕೊಂಡಿತು. ‘ತಡೆಯಿರಿ’ ಎಂದರು, ದನಿ ಏರಲಿಲ್ಲ. ಕಂಟ್ರೋಲ್ ರೂಮಿನವರು ನಾಯಕಿಯ ಮುಖವನ್ನು ಬಿಟ್ಟು ಕದಲಲಿಲ್ಲ. ಆಡಲು ಮಾತಿಲ್ಲದ ಆಕೆ, ಆಗಲೇ ಮಡಿಸಿದ್ದ ಪತ್ರವನ್ನು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಿಸಿದರು. ಅಷ್ಟರಲ್ಲಿ ಕಪ್ಪು ಬಟ್ಟೆಯ ಇಬ್ಬರು ಬಡಗಿಗಳು ಹೊಟ್ಟೆಯ ಮೇಲೆ ತೆವಳಿ ಹೊದಿಕೆಯನ್ನು ಎಳೆದಿದ್ದರು. ‘ಗೋ.’ ಮರುದಿನ ಆ ಪತ್ರದ ಅಭಿನಯವನ್ನು ಎಷ್ಟು ಜನ ಹೊಗಳಿದರೋ! ಹೊಗಳಿಕೆಯಲ್ಲಿ ಬಡಗಿಗಳಿಗೂ ಪಾಲು ಸಲ್ಲಬೇಕು.

ಮೆಟ್ಟಿಲುಗಳನ್ನೇ ಸೆಟ್ಟಾಗಿಸುವ ಆಲೋಚನೆ ನನ್ನ ಸ್ವಂತದ್ದೇನಲ್ಲ. ಚಿತ್ರ ಬರೆದ ಪರದೆಗಳನ್ನು ಸರಿಸಿ, ನಟನ ದೇಹಕ್ಕೂ ಬೆಳಕಿಗೂ ಎತ್ತರ ತಗ್ಗು ಒದಗಿಸಿದ ಸ್ವಿಟ್ಜರ್ಲೆಂಡಿನ ರಂಗವಿನ್ಯಾಸಕ ಅಡೋಲ್ಫ್ ಅಪ್ಪಿಯಾ (1862–1928) ಅವರಿಗೂ ಈ ಸಾಲ ಸಲ್ಲುತ್ತದೆ.

ಬಂಡಿಗಳು, ಮೆಟ್ಟಿಲುಗಳು ಗೋದಾಮಿನಲ್ಲಿ ಸುಸ್ಥಿತಿಯಲ್ಲಿವೆ. ಯಾವ ತಂಡಕ್ಕೆ ಬೇಕಿದ್ದರೂ ಒಯ್ಯಿರಿ, ಬಾಡಿಗೆ ಬೇಡ. ಎಡಬದಿಯ ಹಿಂದಿನ ಚಕ್ರವನ್ನು ಮಾತ್ರ ಬದಲಿಸಿಕೊಳ್ಳಿ.